ಭೇದಿಯ ಬೇನೆ ಅಂದು ಏಕೆ ಅಷ್ಟು ಮಾರಕವಾಗಿತ್ತು?

ನಮ್ಮ ಹಿರಿಯರು ಕಾಲವನ್ನು ಎಣಿಸುತ್ತಿದ್ದ ಕ್ರಮವೇ ಬೇರೆ. ‘ದೊಡ್ಡ ಬರದ ವರ್ಷ’, ‘ಪ್ಲೇಗು ಬಂದ ವರ್ಷ’, ‘ವಾಂತಿಭೇದಿ ಬಂದ ವರ್ಷ’ ಎಂಬಿವೇ ಅವರ ಮೈಲಿಗಲ್ಲುಗಳು. ಮಗುವಿನ ಹುಟ್ಟು, ಮನೆಯ ಮದುವೆ, ಹೊಲದ ಕ್ರಯ ಎಲ್ಲವನ್ನೂ ಇವುಗಳ ಹಿಂದುಮುಂದೆಂದು ನೆನೆಯುತ್ತಿದ್ದರು. ಬರವೂ ಪ್ಲೇಗೂ ಭಯಂಕರವಾದುವೆಂಬುದು ಸರಿಯೆ. ಆದರೆ ಭೇದಿ ಎಂಬುದು ಇಂದು ನಮಗೆ ಎರಡು ದಿನದ ತೊಂದರೆ. ಹೊಟ್ಟೆ ಕೆಟ್ಟರೆ ಮನುಷ್ಯ ಸಾಯಬೇಕೆ? ಬೆಳಗ್ಗೆ ಹೊಲಕ್ಕೆ ಹೋದ ಗಟ್ಟಿ ಆಳು ಸಂಜೆಗೆ ಹೆಣವಾಗುವಂತಹ ಶಕ್ತಿ ಆ ಬೇನೆಗೆ ಎಲ್ಲಿಂದ ಬಂದಿತು? ಇಂದು ಆ ಶಕ್ತಿಯು ಬಹುಮಟ್ಟಿಗೆ ಉಡುಗಿರುವುದಾದರೂ ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ನಾವು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಒಂದೆಡೆ ಸೇರಿದ ಪ್ರದೇಶಗಳು. ಅದಕ್ಕೆ ಮುಂಚೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದುವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನಿಂದ ಈಚೆಗೆ ಬೇರೆಯಾದುದು. ನೀರಿನ ಮಟ್ಟಿಗೆ ಇವು ನಾಲ್ಕು ಬೇರೆ ಬೇರೆ ಲೋಕಗಳೆಂದೇ ಹೇಳಬೇಕು. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ನ್ಯಾಮತಿಯು ಮಲೆನಾಡಿನ ಸೆರಗಿನ ನೆಲ. ಚನ್ನಗಿರಿಯದು ಕೆರೆಗಳ ಸೀಮೆ. ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯೂ ಸಂತೇಬೆನ್ನೂರಿನ ಪುಷ್ಕರಿಣಿಯೂ ಈ ತಾಲ್ಲೂಕಿನವೇ. ಜಗಳೂರು ಮಳೆಗೆ ಬಾಯಿಬಿಡುವ ಬರದ ನಾಡು. ಹೀಗೆ ಹೊಳೆಯ ನೀರು, ಹಳ್ಳದ ನೀರು, ಕೆರೆಯ ನೀರು, ಬಾವಿಯ ನೀರು ಎಂದು ನಾಲ್ಕು ಬಗೆಯ ನೀರನ್ನು ಕುಡಿದ ಜನರು ಇವರು. ಆದರೂ ಭೇದಿಯ ಬೇನೆಗೆ ಎಲ್ಲರೂ ಒಂದೇ ರೀತಿಯಲ್ಲಿ ಹೆದರುತ್ತಿದ್ದರು. ಇದರ ಕಾರಣವನ್ನು ಅರಿಯಬೇಕಾದರೆ ಮೊದಲು ನಮ್ಮ ಮೈಯೊಳಗಿನ ನೀರಿನ ಲೆಕ್ಕವನ್ನು ನೋಡಬೇಕು.

ಮೈಯೆಂಬ ಕೆರೆ

ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನ ಮೈಯಲ್ಲಿ ಸುಮಾರು ೩೬ ಲೀಟರ್ ನೀರಿರುತ್ತದೆ. ಎಳೆಯ ಕೂಸಿನಲ್ಲಿ ನೀರಿನ ಪಾಲು ಇನ್ನೂ ಹೆಚ್ಚು. ಅದರ ತೂಕದ ಮುಕ್ಕಾಲು ಭಾಗ ನೀರೇ. ನಾವು ದಿನಕ್ಕೆ ಕುಡಿದು ತಿಂದು ಒಳಗೆ ಸೇರಿಸುವ ನೀರು ಸುಮಾರು ಎರಡು ಲೀಟರ್. ಅಷ್ಟೇ ನೀರು ಮೂತ್ರ, ಬೆವರು, ಉಸಿರುಗಳಲ್ಲಿ ಹೊರಗೆ ಹೋಗುತ್ತದೆ. ಇದು ಎಲ್ಲರಿಗೂ ಕಾಣುವ ಲೆಕ್ಕ.

ಕಾಣದ ಲೆಕ್ಕವೊಂದು ಉಂಟು. ಉಂಡ ಆಹಾರ ಅರಗಬೇಕಾದರೆ ಅದು ತೆಳ್ಳಗೆ ಕರಗಬೇಕು. ಅದಕ್ಕಾಗಿ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕದ ರಸ, ಕರುಳಿನ ರಸ ಇವೆಲ್ಲ ಸೇರಿ ದಿನಕ್ಕೆ ಸುಮಾರು ಏಳು ಲೀಟರಿನಷ್ಟು ಅನ್ನನಾಳಕ್ಕೂ ಕರುಳಿಗೂ ಸುರಿಯುತ್ತವೆ. ಇದೆಲ್ಲವೂ ರಕ್ತದಿಂದ ಬಂದ ನೀರು. ರಕ್ತದಲ್ಲಿರುವ ನೀರಿನಂಶವೇ ಮೂರು ಲೀಟರ್. ಅಂದರೆ ಪ್ರತಿದಿನವೂ ರಕ್ತದ ನೀರಿನ ಎರಡು ಪಟ್ಟಿಗಿಂತ ಹೆಚ್ಚು ನೀರು ಕರುಳಿನೊಳಗೆ ಇಳಿಯುತ್ತದೆ! ನಾವು ಕುಡಿದ ಎರಡು ಲೀಟರೂ ಸೇರಿದರೆ ಒಟ್ಟು ಒಂಬತ್ತು ಲೀಟರ್ ಆಯಿತು. ಇದರಲ್ಲಿ ಮಲದೊಡನೆ ಹೊರಗೆ ಹೋಗುವುದು ಕಾಲು ಲೀಟರಿಗಿಂತಲೂ ಕಡಿಮೆ. ಉಳಿದುದನ್ನೆಲ್ಲ ಕರುಳು ಹೀರಿ ಮತ್ತೆ ರಕ್ತಕ್ಕೆ ಸೇರಿಸುತ್ತದೆ.

ಸೂಳೆಕೆರೆಯಿಂದ ಸಿದ್ಧನಾಲೆ, ಬಸವನಾಲೆಗಳಲ್ಲಿ ನೀರು ಹೊಲಗದ್ದೆಗಳಿಗೆ ಹರಿಯುವುದನ್ನು ಚನ್ನಗಿರಿ ಕಡೆಯ ವಾಚಕರು ನೋಡಿಯೇ ಇರುತ್ತಾರೆ. ತೂಬಿನಿಂದ ಹೊರಟ ನೀರೆಲ್ಲವೂ ಬೆಳೆಯನ್ನು ತಣಿಸಿ, ಸಂಜೆಯೊಳಗೆ ಮತ್ತೆ ಕೆರೆಗೇ ಮರಳುವುದೆಂದು ಊಹಿಸಿಕೊಳ್ಳಿ. ಅಂತಹ ಅದ್ಭುತವಾದ ಕೆರೆ ನಮ್ಮ ಮೈ. ತೂಬು ಹದವಾಗಿ ತೆರೆದು, ಮರಳುವ ಕಾಲುವೆ ಸರಿಯಾಗಿರುವ ತನಕ ಕೆರೆಯ ಮಟ್ಟ ಒಂದು ಅಂಗುಲವೂ ತಗ್ಗುವುದಿಲ್ಲ. ಆದರೆ ತೂಬು ಕಿತ್ತುಹೋದರೆ? ಮರಳುವ ಕಾಲುವೆ ಮುಚ್ಚಿದರೆ? ಭೇದಿ ಎಂದರೆ ಇಷ್ಟೆ. ಅದು ಹೊಟ್ಟೆಯ ಬೇನೆಯಂತೆ ಕಂಡರೂ ಕೊಲ್ಲುವುದು ಹೊಟ್ಟೆಯನ್ನಲ್ಲ. ಮೈಯನ್ನು ಬತ್ತಿಸಿ ಕೊಲ್ಲುತ್ತದೆ.

ತೂಬು ಕಿತ್ತಾಗ

ಇದರ ಅತ್ಯಂತ ಘೋರವಾದ ಉದಾಹರಣೆ ವಾಂತಿಭೇದಿ ಅಥವಾ ಕಾಲರಾ. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಒಂದು ಸೂಕ್ಷ್ಮಜೀವಿಯಿಂದ ಇದು ಉಂಟಾಗುತ್ತದೆ. ಈ ಜೀವಿಯು ಕರುಳನ್ನು ಕೊರೆಯುವುದಿಲ್ಲ, ರಕ್ತವನ್ನು ಸೇರುವುದಿಲ್ಲ. ಸಣ್ಣಕರುಳಿನ ಒಳಪದರಕ್ಕೆ ಅಂಟಿಕೊಂಡು ಒಂದು ನಂಜನ್ನು ಸುರಿಸುತ್ತದೆ. ಅಷ್ಟೇ ಅದರ ಕೆಲಸ. ಕರುಳಿನ ಕೋಶಗಳಲ್ಲಿ ಲವಣವನ್ನು ಹೊರಬಿಡುವ ವ್ಯವಸ್ಥೆಯೊಂದಿದೆ. ನಂಜು ಅದನ್ನು ತೆರೆದ ಸ್ಥಿತಿಯಲ್ಲಿಯೇ ಬಿಗಿದುಬಿಡುತ್ತದೆ. ಜೊತೆಗೆ ಉಪ್ಪನ್ನು ಒಳಕ್ಕೆ ಹೀರುವ ಸಾಮಾನ್ಯ ದಾರಿಯನ್ನೂ ತಡೆಯುತ್ತದೆ. ಲವಣ ಹೋದೆಡೆಗೆ ನೀರೂ ಹೋಗುವುದು ಪ್ರಕೃತಿಯ ನಿಯಮ. ಆದುದರಿಂದ ನೀರು ಕರುಳಿಗೆ ನುಗ್ಗುತ್ತದೆ. ಮಲದ ಬಣ್ಣವೂ ನಾತವೂ ಹೋಗಿ, ಅಕ್ಕಿ ತೊಳೆದ ಅಕ್ಕಚ್ಚಿನಂತಹ ನೀರು ಸುರಿಯತೊಡಗುತ್ತದೆ. ರೋಗ ಬಲವಾಗಿದ್ದರೆ ಗಂಟೆಗೆ ಒಂದು ಲೀಟರಿನ ತನಕ ಹೋಗುವುದುಂಟು.

ಮೈತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ನೀರು ನಷ್ಟವಾದರೆ ಪ್ರಾಣಕ್ಕೆ ಅಪಾಯ. ಅರುವತ್ತು ಕಿಲೋಗ್ರಾಂ ಮನುಷ್ಯನಿಗೆ ಇದು ಆರು ಲೀಟರ್. ಹತ್ತು ಕಿಲೋಗ್ರಾಂ ಮಗುವಿಗೆ ಒಂದೇ ಲೀಟರ್, ಅಂದರೆ ಒಂದೆರಡು ಚೆಂಬು ನೀರು! ಮಕ್ಕಳು ಏಕೆ ಅಷ್ಟು ಬೇಗ ಕೈಬಿಟ್ಟುಹೋಗುತ್ತಿದ್ದರೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ನೀರು ಕಡಿಮೆಯಾದಂತೆ ಕಣ್ಣು ಗುಳಿಬೀಳುತ್ತದೆ. ದನಿ ಕುಗ್ಗುತ್ತದೆ. ಅತ್ತರೂ ಕಣ್ಣೀರು ಬರುವುದಿಲ್ಲ. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಮಡಿಕೆಯಾಗಿಯೇ ನಿಲ್ಲುತ್ತದೆ. ಬೆರಳುಗಳು ಬಹಳ ಹೊತ್ತು ಬಟ್ಟೆ ಒಗೆದವರ ಬೆರಳಿನಂತೆ ಸುಕ್ಕಾಗುತ್ತವೆ. ಎಳೆಗೂಸಿನ ನೆತ್ತಿ ಕುಸಿಯುತ್ತದೆ. ಲವಣದ ಕೊರತೆಯಿಂದ ಕಾಲಿನ ಮಾಂಸಖಂಡಗಳು ಸೆಟೆದುಕೊಳ್ಳುತ್ತವೆ. ರಕ್ತ ಮಂದವಾಗಿ, ನಾಡಿ ಬೆರಳಿಗೆ ಸಿಗದಂತಾಗಿ, ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಇಷ್ಟಾದರೂ ರೋಗಿಗೆ ಬಹಳ ಹೊತ್ತು ಎಚ್ಚರವಿರುತ್ತದೆ. ‘ನೀರು, ನೀರು’ ಎಂದು ಕೇಳುತ್ತಲೇ ಇರುತ್ತಾನೆ. ಚಿಕಿತ್ಸೆಯಿಲ್ಲದಿದ್ದರೆ ಇಂತಹ ಬಲವಾದ ಕಾಲರಾಕ್ಕೆ ತುತ್ತಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಯುತ್ತಿದ್ದರು.

ನೆತ್ತಿ ಕುಸಿದುದನ್ನು ನಮ್ಮ ಅಜ್ಜಿಯರು ಗುರುತಿಸದೆ ಇರಲಿಲ್ಲ. ‘ನೆತ್ತಿ ಬಿದ್ದಿದೆ’ ಎಂದು ಹೇಳಿ ಅಲ್ಲಿಗೆ ಹರಳೆಣ್ಣೆಯನ್ನು ಒತ್ತುತ್ತಿದ್ದರು. ಅವರ ಕಣ್ಣು ಚುರುಕಾಗಿತ್ತು. ಲಕ್ಷಣವನ್ನು ಸರಿಯಾಗಿಯೇ ಕಂಡಿದ್ದರು. ಆದರೆ ಬತ್ತಿದ ಕೆರೆಯ ಏರಿಗೆ ಗಾರೆ ಬಳಿದಂತಾಯಿತು ಆ ಚಿಕಿತ್ಸೆ. ಬೇಕಾಗಿದ್ದುದು ಕೆರೆಯೊಳಕ್ಕೆ ನೀರು.

ಎಲ್ಲ ಭೇದಿಯೂ ಒಂದಲ್ಲ

ಕಾಲರಾ ಹಬ್ಬಿದಾಗ ಊರೇ ನಡುಗುತ್ತಿದ್ದುದರಿಂದ ಅದರ ಹೆಸರು ಉಳಿದಿದೆ. ಆದರೆ ಸದ್ದಿಲ್ಲದೆ ವರ್ಷವರ್ಷವೂ ಹೆಚ್ಚು ಜೀವಗಳನ್ನು ಒಯ್ಯುತ್ತಿದ್ದುವು ಬೇರೆ ಭೇದಿಗಳು. ಅವುಗಳಲ್ಲಿ ಒಂದು ರಕ್ತಬೀಳುವ ಆಮಶಂಕೆ. ಇದರ ರೋಗಾಣುಗಳು ದೊಡ್ಡಕರುಳಿನ ಒಳಪದರವನ್ನು ಹೊಕ್ಕು ಹುಣ್ಣು ಮಾಡುತ್ತವೆ. ಇವೆರಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಆರೋಗ್ಯವಂತನಿಗೆ ಕಾಲರಾ ತಗಲಬೇಕಾದರೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ರೋಗಾಣುಗಳು ಹೊಟ್ಟೆಗೆ ಹೋಗಬೇಕು. ಜಠರದ ಆಮ್ಲ ಬಹುಪಾಲನ್ನು ಕೊಂದುಬಿಡುತ್ತದೆ. ಆದುದರಿಂದ ಅದು ಮುಖ್ಯವಾಗಿ ನೀರಿನ ಮೂಲಕ ಬರುತ್ತದೆ. ಆಮಶಂಕೆಯ ರೋಗಾಣುಗಳಾದರೋ ಹತ್ತರಿಂದ ನೂರು ಸಾಕು. ತೊಳೆಯದ ಬೆರಳು, ಅನ್ನದ ಮೇಲೆ ಕುಳಿತ ನೊಣ ಇಷ್ಟೇ ಅದಕ್ಕೆ ವಾಹನ.

ಮೂರನೆಯದು ಎಳೆಮಕ್ಕಳ ಭೇದಿ. ಇದಕ್ಕೆ ಬಹುಮಟ್ಟಿಗೆ ಕಾರಣವಾದ ರೋಟಾ ವೈರಸ್ ಪತ್ತೆಯಾದುದು ೧೯೭೩ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಅದುವರೆಗೆ ‘ಹಲ್ಲು ಬರುವ ಭೇದಿ’ ಎಂದೋ ‘ದೃಷ್ಟಿ ತಾಕಿತು’ ಎಂದೋ ಜನ ಹೇಳುತ್ತಿದ್ದರು. ಮಗುವು ತಾಯಿಯ ಹಾಲನ್ನೇ ಕುಡಿಯುವ ತನಕ ಅದಕ್ಕೆ ರಕ್ಷಣೆ ಉಂಟು. ಅಂಬಲಿ ಗಂಜಿಗಳನ್ನು ಆರಂಭಿಸಿದಾಗ, ನೆಲದ ಮೇಲೆ ಹರಿದಾಡಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವಾಗ, ಆ ರಕ್ಷಣೆ ಸಡಿಲುತ್ತದೆ. ಆಗ ಭೇದಿಯೂ ಹಸಿವೂ ಕೈಜೋಡಿಸುತ್ತವೆ. ಕರುಳಿನ ಒಳಗೋಡೆಯು ಮಖಮಲ್ಲಿನಂತೆ ನವಿರಾದ ಎಳೆಗಳಿಂದ ತುಂಬಿರುತ್ತದೆ. ಆಹಾರವನ್ನು ಹೀರುವುದು ಅವುಗಳ ಕೆಲಸ. ಒಂದೊಂದು ಭೇದಿಯೂ ಆ ಮಖಮಲ್ಲನ್ನು ಸವೆಯಿಸುತ್ತದೆ. ಸವೆದ ಕರುಳು ಆಹಾರವನ್ನು ಹೀರದು, ಮಗು ಬಡವಾಗುತ್ತದೆ, ಬಡವಾದ ಮಗುವಿಗೆ ಮತ್ತೆ ಭೇದಿ. ಇದರ ನಡುವೆ ದಡಾರ ಬಂದರೆ ಮುಗಿದೇಹೋಯಿತು. ಹೀಗೆ ಮೂರು ನಾಲ್ಕು ಸುತ್ತುಗಳಲ್ಲಿ ಸತ್ತ ಮಗುವನ್ನು ‘ಸೊರಗಿ ಹೋಯಿತು’ ಎನ್ನುತ್ತಿದ್ದರು. ಹತ್ತು ಹೆತ್ತು ಐದನ್ನು ಉಳಿಸಿಕೊಂಡ ತಾಯಂದಿರ ಕಥೆಯಲ್ಲಿ ಇದರ ಪಾಲು ದೊಡ್ಡದು.

ನೀರಿನೊಡನೆ ಬಂದ ಸಾವು

ಇನ್ನು ರೋಗ ಒಳಗೆ ಬರುತ್ತಿದ್ದ ದಾರಿಯನ್ನು ನೋಡೋಣ. ಮಲದಿಂದ ಬಾಯಿಗೆ ಎಂಬುದು ಅದರ ಸಂಕ್ಷಿಪ್ತ ವಿವರಣೆ. ಕೇಳಲು ಹೇಸಿಗೆಯಾದರೂ ಸತ್ಯ. ಕಕ್ಕಸುಗಳಿಲ್ಲದ ಕಾಲದಲ್ಲಿ ಜನ ಚೆಂಬು ಹಿಡಿದು ಹೋಗುತ್ತಿದ್ದುದು ಕೆರೆಯಂಗಳಕ್ಕೆ, ಹಳ್ಳದ ಬದಿಗೆ, ಹೊಳೆಯ ದಂಡೆಗೆ. ಕಾರಣ ಸ್ಪಷ್ಟ, ಅಲ್ಲಿ ನೀರು ಹತ್ತಿರ. ಬೇಸಗೆಯೆಲ್ಲ ಅಲ್ಲಿ ಬಿದ್ದ ಹೊಲಸನ್ನು ಮುಂಗಾರಿನ ಮೊದಲ ಮಳೆಯು ತೊಳೆದು ನೇರವಾಗಿ ಕೆರೆಗೆ ಇಳಿಸುತ್ತಿತ್ತು. ಜನ ಹೊಸನೀರು ಬಂದಿತೆಂದು ಸಂತೋಷಪಟ್ಟು ಅದನ್ನೇ ಕುಡಿಯುತ್ತಿದ್ದರು. ಜಗಳೂರಿನಂತಹ ಬರದ ಸೀಮೆಯಲ್ಲಿ ಆಪತ್ತು ಬೇರೆ ಬಗೆಯದು. ಅಲ್ಲಿ ಬೇಸಗೆಯಲ್ಲಿ ನಾಲ್ಕು ಬಾವಿಗಳು ಬತ್ತಿ ಒಂದು ಉಳಿಯುತ್ತಿತ್ತು. ಊರಿಗೆ ಊರೇ ಆ ಒಂದು ಬಾವಿಗೆ ಹಗ್ಗ ಇಳಿಸುತ್ತಿತ್ತು. ಒಂದು ಮನೆಯ ರೋಗ ಊರಿನ ರೋಗವಾಗಲು ಅಷ್ಟು ಸಾಕು. ಮೆಟ್ಟಿಲುಬಾವಿಗಳಲ್ಲಿ ಜನ ಕಾಲಿಟ್ಟೇ ನೀರು ತುಂಬುತ್ತಿದ್ದರು. ಬಯಲುಸೀಮೆಯನ್ನು ಕಾಡಿದ ನಾರುಹುಣ್ಣು ಹಬ್ಬಿದ್ದು ಈ ರೂಢಿಯಿಂದಲೇ.

ಹೊಳೆಯ ನೀರು ಹರಿಯುವ ನೀರು, ಅದಕ್ಕೆ ದೋಷವಿಲ್ಲವೆಂಬ ನಂಬಿಕೆ ಇತ್ತು. ಆದರೆ ಹೊನ್ನಾಳಿಗೆ ಬರುವ ತುಂಗಭದ್ರೆಯು ಮೇಲಿನ ಊರುಗಳನ್ನೆಲ್ಲ ದಾಟಿ ಬರಬೇಕು. ಹೊನ್ನಾಳಿಯ ನೀರು ಕೆಳಗಿನ ಹರಿಹರಕ್ಕೆ ಹೋಗಬೇಕು. ಮೇಲಿನವರ ಕೊಳೆ ಕೆಳಗಿನವರ ಕುಡಿಯುವ ನೀರು. ಇದರ ಅರ್ಥವನ್ನು ಜರ್ಮನಿಯ ಎರಡು ಊರುಗಳು ೧೮೯೨ರಲ್ಲಿ ಜಗತ್ತಿಗೆ ತೋರಿಸಿಕೊಟ್ಟುವು. ಹ್ಯಾಂಬುರ್ಗ್ ಮತ್ತು ಆಲ್ಟೋನ ಎರಡೂ ಎಲ್ಬೆ ನದಿಯ ದಡದ ಪಟ್ಟಣಗಳು. ನಡುವೆ ಗಡಿಯೆಂಬುದು ಒಂದು ಬೀದಿ ಮಾತ್ರ. ಹ್ಯಾಂಬುರ್ಗ್ ನದಿಯ ನೀರನ್ನು ಸೋಸದೆ ಕುಡಿಯಿತು. ಅಲ್ಲಿ ಕಾಲರಾದಿಂದ ಸುಮಾರು ೮,೬೦೦ ಜನ ಸತ್ತರು. ಆಲ್ಟೋನವು ನದಿಯ ಕೆಳಗಡೆ ಇದ್ದುದರಿಂದ ಅದಕ್ಕೆ ಬರುತ್ತಿದ್ದುದು ಹ್ಯಾಂಬುರ್ಗಿನ ಕೊಳೆಯೂ ಸೇರಿದ ನೀರು. ಆದರೆ ಅದು ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು, ಬಹುಮಟ್ಟಿಗೆ ಪಾರಾಯಿತು.

ನೀರೇ ಕಾರಣವೆಂಬ ಮಾತು ಅದಕ್ಕೆ ಮೊದಲೇ ಹೊರಟಿತ್ತು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಆರುನೂರಕ್ಕೂ ಹೆಚ್ಚು ಜನ ಸತ್ತಾಗ, ಜಾನ್ ಸ್ನೋ ಎಂಬ ವೈದ್ಯನು ಮನೆಮನೆ ತಿರುಗಿ, ಸತ್ತವರಲ್ಲಿ ಬಹುಪಾಲು ಒಂದೇ ಪಂಪಿನ ನೀರು ಕುಡಿದವರೆಂದು ತೋರಿಸಿದನು. ೧೮೮೪ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ರೋಗಿಗಳ ಕರುಳಿನಲ್ಲಿಯೂ, ಜನ ಕುಡಿಯುತ್ತಿದ್ದ ಒಂದು ಕೆರೆಯ ನೀರಿನಲ್ಲಿಯೂ ಆ ಬಾಗಿದ ಜೀವಿಯನ್ನು ಕಂಡನು. ಗಾಳಿಯಲ್ಲಿ ಕೆಟ್ಟ ಆವಿಯಿಂದ ರೋಗ ಬರುತ್ತದೆಂಬ ಹಳೆಯ ವಾದ ಹೀಗೆ ಸಡಿಲಿತು. ಆದರೆ ಪಂಡಿತರು ಒಪ್ಪಿದ ಮಾತು ಹಳ್ಳಿಯ ಬಾವಿಗೆ ಮುಟ್ಟಲು ಇನ್ನೂ ಎರಡು ಮೂರು ತಲೆಮಾರು ಬೇಕಾಯಿತು. ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬಂದುದು ೧೮೯೦ರ ದಶಕದಲ್ಲಿ. ಹಳ್ಳಿಗಳಿಗೆ ಅದು ಕನಸಿನ ಮಾತಾಗಿತ್ತು.

ಧಾತು ಈಶ್ವರದ ಬರ

ಹಸಿವು, ಕೊಳಕು ನೀರು, ಜನರ ಗುಂಪು ಈ ಮೂರೂ ಒಂದೆಡೆ ಸೇರಿದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಘೋರವಾದ ಸಾಕ್ಷಿಯಿದೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸೀಮೆಯಲ್ಲಿ ಮಹಾಕ್ಷಾಮ ಬಿದ್ದಿತು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಇದ್ದಿತು. ಹತ್ತು ವರ್ಷ ಕಳೆದು ೧೮೮೧ರಲ್ಲಿ ಎಣಿಸಿದಾಗ ಉಳಿದಿದ್ದವರು ೪೧,೮೬,೧೮೮. ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು. ಮಳೆ ಕಡಿಮೆಯಾದ ಬಯಲುಸೀಮೆಯು, ಅದರಲ್ಲಿ ಜಗಳೂರು ಸೇರಿದ್ದ ಚಿತ್ರದುರ್ಗದ ಕಡೆಯೂ, ಬಹಳವಾಗಿ ನೊಂದಿತು.

ಇವರೆಲ್ಲ ಅನ್ನವಿಲ್ಲದೆಯೇ ಸತ್ತರೆ? ಕ್ಷಾಮದ ಚರಿತ್ರೆಯನ್ನು ಓದಿದವರಿಗೆ ಬೇರೊಂದು ಚಿತ್ರ ಕಾಣುತ್ತದೆ. ಹಸಿದ ಜನ ಊರು ಬಿಟ್ಟು ಗಂಜಿಕೇಂದ್ರಗಳಿಗೂ ಪರಿಹಾರದ ಕೆಲಸದ ಜಾಗಗಳಿಗೂ ನಡೆದರು. ಅಲ್ಲಿ ಸಾವಿರಾರು ಜನಕ್ಕೆ ಇದ್ದುದು ಬತ್ತುತ್ತಿದ್ದ ಒಂದು ಕುಂಟೆ. ಕಾಲರಾ, ಆಮಶಂಕೆ, ಭೇದಿಗಳು ಅಲ್ಲಿ ಹಬ್ಬಿದುವು. ಸೊರಗಿದ ಮೈಗೆ ತಡೆಯುವ ಬಲವಿರಲಿಲ್ಲ. ಸವೆದ ಕರುಳಿಗೆ ಕೊಟ್ಟ ಗಂಜಿಯೂ ದಕ್ಕಲಿಲ್ಲ. ಹಸಿವು ಅವರನ್ನು ಹೊಸಿಲ ತನಕ ತಂದಿತು. ಹೊಸಿಲು ದಾಟಿಸಿದುದು ಬಹುಮಟ್ಟಿಗೆ ಭೇದಿ. ಮಳೆ ಬಿದ್ದ ಮೇಲೂ ಸಾವು ನಿಲ್ಲದಿದ್ದುದು ಇದರಿಂದಲೇ.

‘ನೀರು ಕೊಡಬೇಡಿ!’

ರೋಗ ಬಂದ ಮೇಲಾದರೂ ಬದುಕಿಸಬಹುದಾಗಿತ್ತಲ್ಲವೆ? ಅಂದಿನ ಚಿಕಿತ್ಸೆಯ ವಿಚಾರ ತುಂಬ ವಿಷಾದಕರ. ಒಳಗೆ ಹಾಕಿದುದೆಲ್ಲ ಹೊರಗೆ ಬರುತ್ತದೆ. ಆದುದರಿಂದ ಒಳಗೆ ಏನನ್ನೂ ಹಾಕಬಾರದು ಎಂಬುದು ಸಾಮಾನ್ಯರ ತರ್ಕ. ಲಂಘನವೇ ಮದ್ದೆಂಬ ನಂಬಿಕೆ ಅದಕ್ಕೆ ಬೆಂಬಲ. ನೀರು ಕೇಳಿದ ರೋಗಿಯ ತುಟಿಗೆ ಒದ್ದೆಬಟ್ಟೆ ತಾಗಿಸಿ ಸುಮ್ಮನಾಗುತ್ತಿದ್ದರು. ಮಗುವಿಗೆ ಮೊಲೆಹಾಲನ್ನೂ ನಿಲ್ಲಿಸುತ್ತಿದ್ದರು. ಇದನ್ನು ಕೇವಲ ನಮ್ಮ ಹಳ್ಳಿಗರ ಅಜ್ಞಾನವೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರು ಕಾಲರಾ ರೋಗಿಯ ರಕ್ತವನ್ನು ತೆಗೆದರು, ಪಾದರಸದ ಭಸ್ಮವನ್ನೂ ಅಫೀಮನ್ನೂ ಕೊಟ್ಟರು, ಭೇದಿಮದ್ದನ್ನೂ ಕುಡಿಸಿದರು! ಬತ್ತುತ್ತಿದ್ದ ಕೆರೆಗೆ ಅವರು ಮತ್ತೊಂದು ತೂಬು ತೆರೆದರು.

ಸತ್ಯವನ್ನು ಕಂಡವರು ಇರಲಿಲ್ಲವೆಂದಲ್ಲ. ೧೮೩೧ರಲ್ಲಿ ಓ’ಶಾಘ್‌ನೆಸಿ ಎಂಬ ತರುಣ ವೈದ್ಯನು ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ನಷ್ಟವಾಗಿವೆಯೆಂದು ಸಾರಿದನು. ಮುಂದೆ ಇವನೇ ಭಾರತಕ್ಕೆ ಬಂದು ತಂತಿ ಸಮಾಚಾರದ ಏರ್ಪಾಟನ್ನು ಮಾಡಿದವನು. ೧೮೩೨ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟ ಉಪ್ಪುನೀರನ್ನು ರೋಗಿಗಳ ರಕ್ತನಾಳಕ್ಕೆ ಬಿಟ್ಟು, ಸಾಯುತ್ತಿದ್ದ ಕೆಲವರನ್ನು ಎಬ್ಬಿಸಿದನು. ಆದರೆ ಶುದ್ಧಗೊಳಿಸದ ನೀರು, ಒರಟು ಸಲಕರಣೆ, ಒಮ್ಮೆ ಕೊಟ್ಟು ನಿಲ್ಲಿಸಿಬಿಡುವ ಕ್ರಮ ಇವುಗಳಿಂದ ಅದು ನೆಲೆಯೂರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಈ ವಿಧಾನವನ್ನು ಮತ್ತೆ ಎತ್ತಿಕೊಂಡು, ಆಸ್ಪತ್ರೆಯ ಸಾವುಗಳನ್ನು ಬಹಳ ಇಳಿಸಿದರು.

ಆದರೆ ಆ ಉಪಾಯ ಆಸ್ಪತ್ರೆಯ ಗೋಡೆಯೊಳಗಿನದು. ಜಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು ೪೦ ಕಿಲೋಮೀಟರ್ ದೂರ. ಎತ್ತಿನ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೆ ಹತ್ತು ಗಂಟೆ. ಗಂಟೆಗೆ ಅರ್ಧ ಲೀಟರಿನಂತೆ ಹೋದರೂ ಗಾಡಿ ಮುಟ್ಟುವ ಹೊತ್ತಿಗೆ ರೋಗಿಯ ಮೈಯಿಂದ ಐದು ಲೀಟರ್ ಹೋಗಿರುತ್ತದೆ. ಗಾಡಿ ಹೂಡುವ ಮೊದಲು ಹೋದುದು ಬೇರೆ. ಎಂತಹ ಆಸ್ಪತ್ರೆಯಿದ್ದರೂ ಅದನ್ನು ಮುಟ್ಟುವುದು ಹೆಣ. ಮುಂದೆ ರೋಗಾಣುಗಳನ್ನು ಕೊಲ್ಲುವ ಮದ್ದುಗಳು ಬಂದಮೇಲೂ ಈ ಲೆಕ್ಕ ಬದಲಾಗಲಿಲ್ಲ. ನೀರೆಲ್ಲ ಹೋದಮೇಲೆ ರೋಗಾಣುವನ್ನು ಕೊಲ್ಲುವುದೆಂದರೆ, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ.

ತೆರೆದೇ ಇದ್ದ ಬಾಗಿಲು

ಹಾಗಾದರೆ ಮನೆಯಲ್ಲಿಯೇ ನೀರು ಕುಡಿಸಿದರೆ ಸಾಲದೆ? ಸಾಲದು. ಬರಿಯ ನೀರಾಗಲಿ, ಬರಿಯ ಉಪ್ಪುನೀರಾಗಲಿ ಕಾಲರಾ ಹಿಡಿದ ಕರುಳಿನಲ್ಲಿ ಸಾಕಷ್ಟು ಇಂಗುವುದಿಲ್ಲ. ಉಪ್ಪನ್ನು ಹೀರುವ ಸಾಮಾನ್ಯ ದಾರಿ ಮುಚ್ಚಿದೆಯೆಂದು ಮೇಲೆಯೇ ಹೇಳಿದೆವು. ಇಲ್ಲಿಯೇ ಈ ಕಥೆಯ ಅತ್ಯಂತ ಸೊಗಸಾದ ತಿರುವು ಇರುವುದು.

೧೯೫೯ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ, ಕಾಲರಾದ ನಂಜು ಕರುಳಿನಲ್ಲಿಯೇ ಕೆಲಸಮಾಡುತ್ತದೆಂದು ಸಿದ್ಧಪಡಿಸಿದರು. ಮರುವರ್ಷ, ೧೯೬೦ರಲ್ಲಿ, ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ ಬೇರೊಂದು ಸಂಗತಿಯನ್ನು ಹೇಳಿದರು: ಕರುಳಿನ ಕೋಶದಲ್ಲಿ ಸಕ್ಕರೆಯಂಶವಾದ ಗ್ಲೂಕೋಸೂ ಉಪ್ಪಿನಂಶವಾದ ಸೋಡಿಯಮ್ಮೂ ಜೊತೆಗೂಡಿ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ. ಕಾಲರಾದ ನಂಜು ಈ ಬಾಗಿಲನ್ನು ಮಾತ್ರ ಮುಟ್ಟುವುದಿಲ್ಲ! ಉಪ್ಪಿನೊಡನೆ ತಕ್ಕಷ್ಟು ಸಕ್ಕರೆಯಿದ್ದರೆ ಎರಡೂ ಕೈಹಿಡಿದು ಒಳಗೆ ಹೋಗುತ್ತವೆ. ನೀರು ಅವುಗಳ ಹಿಂದೆಯೇ ಹೋಗುತ್ತದೆ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ೧೯೫೩ರಲ್ಲಿಯೇ ಉಪ್ಪು ಗ್ಲೂಕೋಸುಗಳ ನೀರನ್ನು ಕುಡಿಸಿ ರೋಗಿಗಳನ್ನು ಉಳಿಸಿದ್ದರು. ಕಾರಣ ತಿಳಿಯದಿದ್ದುದರಿಂದ ಜಗತ್ತು ಅದನ್ನು ಗಮನಿಸಲಿಲ್ಲ. ೧೯೬೮ರಲ್ಲಿ ಢಾಕಾ ನಗರದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಷ್ ಎಂಬ ವೈದ್ಯರು ಅಳತೆ ತಪ್ಪದೆ ಪರೀಕ್ಷಿಸಿ ಇದನ್ನು ದೃಢಪಡಿಸಿದರು.

ಆದರೂ ಪಂಡಿತರಿಗೆ ಸಂಶಯ. ಅದನ್ನು ಕಳೆದುದು ೧೯೭೧ರ ಬಾಂಗ್ಲಾ ಯುದ್ಧ. ಗಡಿಯ ಬನಗಾಂವ್ ಊರಿನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಸೂಜಿಯ ಮೂಲಕ ಕೊಡುವ ದ್ರವ ಮುಗಿಯುತ್ತ ಬಂದಿತು. ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ ಪೀಪಾಯಿಗಳಲ್ಲಿ ತುಂಬಿಸಿದರು. ರೋಗಿಗಳ ಬಂಧುಗಳೇ ಲೋಟದಿಂದ ಮೊಗೆದು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಈ ನೀರನ್ನು ಕುಡಿದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಾಯಿತು. ೧೯೭೮ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯು, ಇದು ಈ ಶತಮಾನದ ವೈದ್ಯಶಾಸ್ತ್ರದ ಅತಿ ಮುಖ್ಯವಾದ ಮುನ್ನಡೆಯಾಗಬಹುದೆಂದು ಬರೆಯಿತು. ನಮ್ಮಲ್ಲಿ ಓ.ಆರ್.ಎಸ್. ಎಂದೂ ‘ಜೀವಜಲ’ವೆಂದೂ ಕರೆಯುವುದು ಇದನ್ನೇ.

ವಾಚಕರು ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಉಪ್ಪು, ಸಿಹಿ, ನೀರು ಈ ಮೂರರಲ್ಲಿ ಯಾವುದು ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಇರಲಿಲ್ಲ? ಅನ್ನದ ಗಂಜಿಗೆ ಉಪ್ಪು ಹಾಕಿದರೆ ಅದೂ ಇದೇ ಕೆಲಸವನ್ನು ಮಾಡುತ್ತದೆ; ಗಂಜಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸಾಗಿ ಒಡೆಯುತ್ತದೆ. ಆ ಗಂಜಿಯನ್ನು ನಮ್ಮವರು ಕೊಡುತ್ತಲೂ ಇದ್ದರು. ಆದರೆ ಭೇದಿ ನಿಂತಮೇಲೆ, ಪಥ್ಯವಾಗಿ. ನಿಲ್ಲುವ ಮೊದಲೇ, ಹೋದಷ್ಟನ್ನೂ ತುಂಬುವಂತೆ ಕೊಟ್ಟಿದ್ದರೆ ಎಷ್ಟೋ ತೊಟ್ಟಿಲುಗಳು ಬರಿದಾಗುತ್ತಿರಲಿಲ್ಲ. ಮದ್ದು ಮನೆಯಲ್ಲಿಯೇ ಇದ್ದಿತು, ಇಲ್ಲದಿದ್ದುದು ತಿಳಿವು.

ನಾವು ಮಾಡಬೇಕಾದುದು

ಆ ತಿಳಿವು ಇಂದು ನಮ್ಮಲ್ಲಿದೆ. ಭೇದಿ ಆರಂಭವಾದೊಡನೆ ಜೀವಜಲದ ಪೊಟ್ಟ​ಣವನ್ನು ಅದರ ಮೇಲೆ ಬರೆದಿರುವಷ್ಟೇ ಶುದ್ಧನೀರಿನಲ್ಲಿ ಕದಡಬೇಕು. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀಚಮಚ ಸಕ್ಕರೆ, ಅರ್ಧ ಸಮತಟ್ಟು ಟೀಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಮತ್ತೆ ಕೊಡಬೇಕು. ತಾಯಿಯ ಹಾಲನ್ನೂ ಆಹಾರವನ್ನೂ ನಿಲ್ಲಿಸಬಾರದು. ಮಕ್ಕಳಿಗೆ ವೈದ್ಯರು ಹೇಳಿದಂತೆ ಹದಿನಾಲ್ಕು ದಿನ ಸತುವಿನ ಮಾತ್ರೆ ಕೊಟ್ಟರೆ ಕರುಳು ಬೇಗ ಚೇತರಿಸುತ್ತದೆ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮೂತ್ರ ನಿಂತರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ಕುಡಿಸುತ್ತಲೇ ಹೋಗಬೇಕು. ರೋಟಾ ವೈರಸ್ಸಿಗೆ ೨೦೧೬ರಿಂದ ನಮ್ಮ ದೇಶದಲ್ಲಿ ಸರ್ಕಾರವೇ ಲಸಿಕೆಯನ್ನು ಹನಿಸುತ್ತಿದೆ.

ಇಷ್ಟರಿಂದ ಹಗೆ ಸತ್ತಿತೆಂದು ತಿಳಿಯಬಾರದು. ಜಗತ್ತಿನಲ್ಲಿ ಇಂದಿಗೂ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು ನಾಲ್ಕೂವರೆ ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಾರೆ. ೧೯೮೦ರ ಸುಮಾರಿಗೆ ಇದು ನಾಲ್ವತ್ತು ಲಕ್ಷವನ್ನು ಮೀರಿತ್ತೆಂಬ ಅಂದಾಜನ್ನು ನೆನೆದರೆ ಗೆಲುವು ದೊಡ್ಡದು, ಆದರೆ ಪೂರ್ಣವಾಗಿಲ್ಲ. ಜಗಳೂರಿಗೆ ನೆರೆಯಾದ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ೨೦೨೩ರ ಆಗಸ್ಟ್ ತಿಂಗಳಲ್ಲಿ ಕಲುಷಿತ ನೀರನ್ನು ಕುಡಿದು ಹಲವರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಕೊಳಾಯಿ ಬಂದ ಮಾತ್ರಕ್ಕೆ ನೀರು ಶುದ್ಧವೆಂದಲ್ಲ. ಚರಂಡಿಯ ಬದಿಯಲ್ಲಿ ಒಡೆದ ಕೊಳವೆಯೊಂದು ಊರಿನ ಹಳೆಯ ಬಾವಿಯಷ್ಟೇ ಅಪಾಯಕರ. ಬಾವಿಯ ಕೊಳೆಗೆ ಹೆದರಿ ಆಳದ ಕೊಳವೆಬಾವಿಗಳನ್ನು ಕೊರೆದ ಜಗಳೂರಿನ ಕಡೆ, ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲುಮೂಳೆಗಳಿಗೆ ಕೇಡಾದುದೂ ಉಂಟು. ನೀರನ್ನು ಒಮ್ಮೆ ಗೆದ್ದು ಸುಮ್ಮನೆ ಕೂರುವಂತಿಲ್ಲ. ಪ್ರತಿವರ್ಷವೂ ಪರೀಕ್ಷಿಸುತ್ತಲೇ ಇರಬೇಕು.

ಭೇದಿಯು ಅಂದು ಮಾರಕವಾಗಿದ್ದುದು ಅದರ ರೋಗಾಣು ಇಂದಿಗಿಂತ ಕ್ರೂರವಾಗಿದ್ದುದರಿಂದಲ್ಲ. ಒಳಗೆ ಬರುವ ನೀರು ಯಾವುದೆಂದು ಜನ ಅರಿಯಲಿಲ್ಲ. ಹೊರಗೆ ಹೋದ ನೀರನ್ನು ತುಂಬಬೇಕೆಂದು ಅರಿಯಲಿಲ್ಲ. ಈ ಎರಡು ಅರಿವುಗಳ ನಡುವೆ ಕೋಟ್ಯಂತರ ಜೀವಗಳು ಜಾರಿಹೋದುವು. ಏರಿಯನ್ನು ಕಾಯುವುದು ಊರಿನ ಕೆಲಸ, ತೂಬನ್ನು ನೋಡಿಕೊಳ್ಳುವುದು ನೀರಗಂಟಿಯ ಕೆಲಸ ಎಂದು ಕೆರೆಯ ಸೀಮೆಯವರು ಬಲ್ಲರು. ಊರಿನ ನೀರನ್ನು ಶುದ್ಧವಾಗಿಡುವುದು ಎಲ್ಲರೂ ಕೂಡಿ ಮಾಡಬೇಕಾದ ಕೆಲಸ. ಮನೆಯಲ್ಲಿ ಭೇದಿ ಕಂಡೊಡನೆ ಲೋಟ ಹಿಡಿದು ಕುಳಿತುಕೊಳ್ಳುವುದು ನಮ್ಮ ನಿಮ್ಮ ಕೆಲಸ.